ಕರಿ ಹಂದಿಯ ಹಾಲು

ಹಿಂಡಿ, ಮೀನಿನ ಪುಡಿ ಎರಡೂ ಕೈಗೆಟುಕದಂತಾದ ಮೇಲೆ ನಮ್ಮ ಹಂದಿಗಳಿಗೆ ಹುಳ ತಿನ್ನುವ ಯೋಗ ಬಂತು. ಇಂದಿರಾನಗರದ ಕಂಪನಿಯೊಂದರ ಹುಡುಗ ಸಿದ್ಧಾರ್ಥ್, ಕೆ.ಆರ್. ಪುರದ ನಮ್ಮ ಹಂದಿಗೂಡಿಗೆ ದೊಡ್ಡ ತೊಟ್ಟಿಯೊಂದನ್ನು ತಂದಿಟ್ಟ. ಅದರ ತುಂಬ ಯಾವುದೋ ನೊಣದ ಮರಿಹುಳಗಳು. ಹೋಟೆಲಿನ ಮುಸುರೆ ಸುರಿದರೆ ತಿಂದು ಕೊಬ್ಬುತ್ತಿದ್ದವು. ಅವನ್ನು ಒಣಗಿಸಿ ಹಂದಿಗೆ ಹಾಕಬೇಕು.

"ಅನ್ನ, ತರಕಾರಿ ಅಷ್ಟೇ ಹಾಕಿ ಆಂಟಿ. ಮಾಂಸ ಬೇಡ್ವೇ ಬೇಡ," ಎಂದಿದ್ದ.

ನನಗೆ ಹೇಸಿಗೆ. ಹಂದಿಗಳೇ ಚಪ್ಪರಿಸಿ ತಿನ್ನುವಾಗ ನಾನೇಕೆ ಮೂತಿ ತಿರುಗಿಸಲಿ ಎಂದು ಒಪ್ಪಿಕೊಂಡೆ.

ಅಷ್ಟರಲ್ಲಿ ನಮ್ಮ ಕರಿ ಹಂದಿ ಮರಿ ಹಾಕಿತು. ಚಳಿ ತಾಳದೆ ಒಂದೊಂದೇ ಸತ್ತು ಮೂರು ಉಳಿದವು. ಸತ್ತವನ್ನು ಹೂಳೋಣವೆಂದರೆ ಸುತ್ತ ಅಪಾರ್ಟ್‌ಮೆಂಟುಗಳು, ಗೇಣು ಮಣ್ಣಿಲ್ಲ. ನನ್ನ ಗಂಡ ಸಂಜೀವಪ್ಪ, ನನಗೆ ಹೇಳದೆ ಅವನ್ನು ತೊಟ್ಟಿಗೆ ಹಾಕಿಬಿಟ್ಟಿದ್ದರು. ಮಾರನೆಯ ದಿನ ಎಳೆಯ ಮೂಳೆಗಳಷ್ಟೇ ಉಳಿದಿದ್ದವು.

ಅಂದಿನಿಂದ ತಾಯಿ ತೊಟ್ಟಿಯ ಪಕ್ಕ ಬಿಟ್ಟು ಕದಲಲಿಲ್ಲ. ಮೊಲೆಗಳನ್ನು ತೊಟ್ಟಿಗೆ ಒತ್ತಿ ಮಲಗಿ, ಹಾಲೂಡಿಸುವಾಗ ಮರಿಗಳನ್ನು ಕರೆಯುವ ಆ ಸಣ್ಣ ದನಿಯಲ್ಲಿ ಗುರ್ ಗುರ್ ಎನ್ನುತ್ತಿತ್ತು. ಬದುಕಿದ್ದ ಮರಿಗಳು ಮೊಲೆ ಸಿಗದೆ ಅರಚುತ್ತಿದ್ದವು.

"ರೀ, ಅದನ್ನ ಈ ಕಡೆ ಎಳ್ಕೊಳ್ರೀ. ಇವು ಮೂರೂ ಸತ್ತೋಗ್ತವೆ."

"ಎಳ್ದೆ ಕಣೇ. ಮತ್ತೆ ಅಲ್ಲೇ ಹೋಗ್ ಬೀಳ್ತದೆ."

ಹಾಡಹಗಲಲ್ಲಿ ತೊಟ್ಟಿಯ ಮುಚ್ಚಳ ತೆಗೆದೆ. ಬೆಳಕು ಕಂಡರೆ ತಳಕ್ಕೆ ಇಳಿಯುವ ಹುಳಗಳು, ಹಂದಿ ಮಲಗಿದ್ದ ಕಡೆಯ ಗೋಡೆಗೆ ದಟ್ಟವಾಗಿ ಹತ್ತಿಕೊಂಡಿದ್ದವು. ಅದು ಕರೆದಾಗ ಮೇಲಕ್ಕೆ ಹರಿದವು. ಸುಮ್ಮನಾದಾಗ ನಿಂತವು. ಮುಚ್ಚಳ ಹಾಕಿಬಿಟ್ಟೆ.

"ಈಗ್ಲೇ ಬಂದು ತಗೊಂಡ್ಹೋಗಪ್ಪ," ಎಂದು ಸಿದ್ಧಾರ್ಥ್‌ಗೆ ಫೋನ್ ಮಾಡಿದೆ. ಸಂಜೆಗೆ ಅವನ ಗಾಡಿ ತೊಟ್ಟಿ ಹೊತ್ತುಕೊಂಡು ಹೋಯಿತು. ಹಂದಿ ತನ್ನ ಹುಲ್ಲಿಗೆ ಮರಳಿ, ಮರಿಗಳ ಕಡೆ ತಿರುಗಿ ಮಲಗಿತು. ಸದ್ಯ ಬದುಕಿದವು ಎಂದು ಅತ್ತುಬಿಟ್ಟೆ.

ತಾಯಿ ಕರೆಯಿತು. ಮೂರು ಮರಿಗಳೂ ಓಡಿ ಮೊಲೆಗೆ ಮೂತಿ ಇಟ್ಟವು. ಯಾರೋ ತಳ್ಳಿದಂತೆ ಹಿಂದಕ್ಕೆ ಬಿದ್ದವು. ಮತ್ತೆ ಹೋದವು, ಮತ್ತೆ ಬಿದ್ದವು. ಅವು ದೂರದಲ್ಲಿ ಅರಚುತ್ತಿದ್ದಾಗ, ಹಂದಿಯ ಎರಡು ಸಾಲು ಮೊಲೆಗಳೂ ಕಾಣದ ಬಾಯಿಗಳು ಚೀಪಿದಂತೆ ಅತ್ತಿತ್ತ ಜಗ್ಗುತ್ತಿದ್ದವು. ತಾಯಿ ಹಾಯಾಗಿ ಕಣ್ಣು ಮುಚ್ಚಿತ್ತು.

ಮೂರನ್ನೂ ಸೆರಗಿನಲ್ಲಿ ಬಾಚಿಕೊಂಡು ಮನೆಯೊಳಕ್ಕೆ ಓಡಿದೆ. ಈಗ ಅವಕ್ಕೆ ಬಾಟಲಿ ಹಾಲು.

ಮರಿ ಬಾಯಿ ಹಾಕದ ಮೊಲೆ ನಾಲ್ಕು ದಿನಕ್ಕೆ ಬತ್ತಬೇಕು. ತಿಂಗಳಾಯಿತು. ಕರಿ ಹಂದಿಯ ಹಾಲು ಬತ್ತಿಲ್ಲ.