ಎರಡು ಹಾಡುಗಳ ನಡುವೆ

ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡ ಕೂಡಲೇ ದೊರೆಸ್ವಾಮಿ ಅದರ ಗುರುತು ಹಿಡಿದ. ಡಬ್ಬದ ಮೇಲಿನ ಅಕ್ಷರ ಅವನದೇ. ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಚಿ. ಸೌ. ಯಶೋದ, ಕ್ಯಾತನಹಳ್ಳಿ, ೧೯೯೭’ ಎಂದು ಬರೆದು ಪಕ್ಕಕ್ಕೊಂದು ಗುಲಾಬಿಯನ್ನೂ ಬಿಡಿಸಿದ್ದ. ಆಗ ಅವನಿಗೆ ಅಂಥ ಖಯಾಲಿಗಳೆಲ್ಲ ಇದ್ದವು.

ಎದುರಿಗೆ ಸ್ಟೂಲಿನ ಮೇಲೆ ಯಶೋದಳ ತಾಯಿ ಪುಟ್ಟಗೌರಮ್ಮ ಕೂತಿದ್ದಳು. ಅಣ್ಣನ ಮಗ ರವೀಂದ್ರ ಬೈಕಿನಲ್ಲಿ ಪಾಂಡವಪುರಕ್ಕೆ ಕರೆತಂದು, ಕೈಹಿಡಿದು ದೊರೆಸ್ವಾಮಿಯ ವಿಡಿಯೋ ಅಂಗಡಿಯೊಳಗೆ ಕೂರಿಸಿ, ಹಾಲಿನ ಡೈರಿಯಲ್ಲಿ ಕೆಲಸವಿದೆಯೆಂದು ಹೋಗಿದ್ದ. ಸಕ್ಕರೆ ಕಾಯಿಲೆ ಮುದುಕಿಯ ಎರಡೂ ಕಣ್ಣನ್ನು ತಿಂದುಹಾಕಿತ್ತು.

“ಮೊಕ ನೋಡಕಲ್ಲ ಸ್ವಾಮಿ. ನಂಗೆ ನೆರಳು ಬುಟ್ರೆ ಇನ್ನೇನೂ ಕಾಣಾಕಿಲ್ಲ. ಯಶೋದಿ ದನಿ ಕೇಳ್ಬೇಕು. ಅವ್ಳು ಓಗಿ ಇಪ್ಪತ್ನಾಕು ವರ್ಸ ಆಯ್ತು. ಮೊಕ ಈಗ್ಲೂ ಕಣ್ಣಾಗೇ ಐತೆ, ದನಿ ಮಾತ್ರ ಮರ್ತೋಗ್ಬುಟ್ಟದೆ. ಎಷ್ಟ್ ನೆನೆಸ್ಕಂಡ್ರೂ ಬರಾಕಿಲ್ಲ. ಎತ್ತ ತಾಯಿ ನಾನು, ಮಗಳ ದನಿ ಮರೆಯೋದು ಅಂದ್ರೇನು?”

ಯಶೋದ ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡಿದ್ದಳು. ಆಗ ಯಾರ ಕೈಯಲ್ಲಿ ಫೋನಿತ್ತು? ದನಿ ಉಳಿದಿದ್ದರೆ ಈ ಕ್ಯಾಸೆಟ್ಟಿನಲ್ಲಿ ಮಾತ್ರ.

“ಧಾರೇನೂ ನಾನ್ ನೋಡ್ನಿಲ್ಲ,” ಎಂದಳು ಪುಟ್ಟಗೌರಮ್ಮ. “ನಮ್ಮೆಜಮಾನ್ರು ಬೋರಯ್ಯನೋರು ಓಗಿ ಎರಡ್ ವರ್ಸ ಆಗಿತ್ತು. ಗಂಡ ಸತ್ತೋಳು ಮುಂದುಕ್ ಬರಬಾರ್ದು ಅಂದ್ರು. ಅಣ್ಣ ಅತ್ಗೆ ಧಾರೆ ಎರುದ್ರು. ನಾನು ಉಗ್ರಾಣದ ಬಾಗ್ಲಿಂದೆ ನಿಂತಿದ್ದೆ. ಓಲಗದ ಸದ್ದು ಬುಟ್ರೆ ಏನೂ ಕೇಳ್ನಿಲ್ಲ.”

ದೊರೆಸ್ವಾಮಿ ಆಗಲೇ ನಿಜ ಹೇಳಿಬಿಡಬೇಕಿತ್ತು. ಈ ಕ್ಯಾಸೆಟ್ಟಿನಲ್ಲಿ ಯಾರ ದನಿಯೂ ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲವಾಗಿಸಿದವನೇ ಅವನು.

ಆ ಕಾಲದಲ್ಲಿ ಅದಕ್ಕೆ ಮಿಕ್ಸಿಂಗ್ ಎನ್ನುತ್ತಿದ್ದರು. ಕ್ಯಾಮೆರಾದ ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸುವಾಗ ಮದುವೆಮನೆಯ ಸದ್ದನ್ನೆಲ್ಲ ಗುಡಿಸಿ ಆಚೆಗೆ ಹಾಕಿ, ಆ ಜಾಗಕ್ಕೆ ಸಿನಿಮಾ ಹಾಡು ತುಂಬುವುದು. ಸೋಬಾನೆ, ನಗು, ಬೀಗರ ಮುನಿಸು, ಕೂಸಿನ ಅಳು, ಎಲ್ಲ ಹೋಯಿತು. ಜನಕ್ಕೂ ಅದೇ ಬೇಕಿತ್ತು. ಹಾಡಿಲ್ಲದ ಕ್ಯಾಸೆಟ್ಟು ಕೊಟ್ಟರೆ ‘ಬರೀ ಗಲಾಟೆ ತುಂಬವ್ನೆ’ ಎಂದು ವಾಪಸ್ಸು ತಂದು ಮುಖಕ್ಕೆ ಹಿಡಿಯುತ್ತಿದ್ದರು. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ದೊರೆಸ್ವಾಮಿಯ ಮಿಕ್ಸಿಂಗ್ ಎಂದರೆ ಹೆಸರು. ಹೆಣ್ಣು ಒಪ್ಪಿಸುವಾಗ ಅವನು ಹಾಕುತ್ತಿದ್ದ ಹಾಡಿಗೆ ಕಲ್ಲಿನಂಥ ಗಂಡಸರೂ ಮೂಗೊರೆಸಿಕೊಳ್ಳುತ್ತಿದ್ದರು. ಇನ್ನು ಮೂಲ ಕ್ಯಾಸೆಟ್ಟು? ಮುಂದಿನ ಲಗ್ನಕ್ಕೆ ಅದರ ಮೇಲೇ ಮತ್ತೆ ರೆಕಾರ್ಡು.

ಇಷ್ಟನ್ನು ಹೇಳುವ ಬದಲು “ಗುರುವಾರ ಬನ್ನಿ ಅಮ್ಮ,” ಎಂದುಬಿಟ್ಟ.

ಟೇಪಿಗೆ ಬೂಷ್ಟು ಹಿಡಿದಿತ್ತು. ಹತ್ತಿ ಬಟ್ಟೆಯಲ್ಲಿ ಒಂದೊಂದೇ ಮೊಳ ಒರೆಸಿ, ಹಳೆಯ ವಿಸಿಆರಿಗೆ ಹಾಕಿ, ಅದರ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಈ ಕೆಲಸಕ್ಕೆ ಅಡ್ಡದಾರಿಯಿಲ್ಲ. ಮೂರು ಗಂಟೆಯ ಮದುವೆಯನ್ನು ಕಂಪ್ಯೂಟರಿಗೆ ಇಳಿಸಲು ಮೂರು ಗಂಟೆಯೇ ಬೇಕು. ಉಳಿದ ಗಿರಾಕಿಗಳ ಟೇಪು ಓಡುವಾಗ ಅವನು ಕಾಫಿಗೆ ಎದ್ದುಹೋಗುತ್ತಿದ್ದ. ಇದಕ್ಕೆ ಏಳಲಿಲ್ಲ.

ಯಶೋದ ಬಾಯಿಬಡುಕಿ. ಅರಿಸಿನ ಹಚ್ಚಿಸಿಕೊಳ್ಳುವಾಗ ಮಾತು, ಬಳೆ ತೊಡಿಸುವಾಗ ಮಾತು, ಪಕ್ಕದಲ್ಲಿದ್ದ ಯಾವುದೋ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟಿ ಬಿದ್ದು ಬಿದ್ದು ನಗು. ಅವಳ ತುಟಿ ಆಡಿದ್ದೇ ಆಡಿದ್ದು. ಕೇಳುವುದು ಮಾತ್ರ ಯಾವನೋ ನಾಯಕ ಯಾವಳೋ ನಾಯಕಿಗೆ ಹಾಡಿದ ಹಾಡು. ಮಧ್ಯೆ ಮಧ್ಯೆ ಹೃದಯದ ಆಕಾರದೊಳಗೆ ಅವಳ ಮುಖವನ್ನು ಕೂರಿಸಿ ಗಿರಗಿರನೆ ತಿರುಗಿಸಿದ್ದ. ಅದನ್ನು ನೋಡಿ ದೊರೆಸ್ವಾಮಿಗೆ ಮೈಯೆಲ್ಲ ನಾಚಿಕೆಯಾಯಿತು. ಎಂಥ ಹೆಡ್ಡತನಕ್ಕೆ ಎಷ್ಟು ಮೆರೆದೆ ಎನಿಸಿತು.

ಧಾರೆಯ ಹೊತ್ತಿಗೆ ಹಾಡು ಥಟ್ಟನೆ ನಿಂತಿತು. ಅಂದು ಒಂದು ಹಾಡು ಮುಗಿದು ಇನ್ನೊಂದರ ಗುಂಡಿ ಒತ್ತುವಷ್ಟರಲ್ಲಿ ಅವನ ಕೈ ತಡವಾಗಿತ್ತು. ಐದಾರು ಸೆಕೆಂಡು, ಅಷ್ಟೇ, ಮದುವೆಮನೆಯ ಸದ್ದು ಹಾಗೇ ಉಳಿದುಬಿಟ್ಟಿತ್ತು. ಓಲಗ ಕೇಳಿತು. ತೆರೆಯ ಮೇಲೆ ಯಶೋದ ಬಲಕ್ಕೆ ತಿರುಗಿ, ಕತ್ತು ಉದ್ದ ಮಾಡಿ, ಯಾರನ್ನೋ ಹುಡುಕಿ, ಬಾಯಿ ತೆರೆದಳು. ದೊರೆಸ್ವಾಮಿ ಇಯರ್‌ಫೋನನ್ನು ಕಿವಿಗೆ ಒತ್ತಿಹಿಡಿದ.

“ಏಯ್ ತಾಯಿ, ಅತ್ಲಾಗೆ ಏನ್ ನೋಡ್ತೀಯಾ? ಮಾತಾಡ್ಬೇಡ. ಇಲ್ಲಿ ನೋಡು, ಕ್ಯಾಮೆರಾ!”

ಅವನದೇ ದನಿ. ಹರೆಯದ ಗತ್ತಿನ ಗದರು ದನಿ. ಹುಡುಗಿ ಬೆಚ್ಚಿ ಬಾಯಿ ಮುಚ್ಚಿ ಕ್ಯಾಮೆರಾ ನೋಡಿದಳು. ಮುಂದಿನ ಹಾಡು ಶುರುವಾಯಿತು.

ಹಿಂದಕ್ಕೆ ತಿರುಗಿಸಿ ಹತ್ತು ಸಲ ಕೇಳಿದ. ಅವಳ ಒಂದಕ್ಷರವೂ ಇರಲಿಲ್ಲ. ಆ ಐದಾರು ಸೆಕೆಂಡನ್ನು ಅಳಿಸಿ ‘ಏನೂ ಸಿಗಲಿಲ್ಲ’ ಎಂದರೆ ಕಣ್ಣು ಕಾಣದ ಮುದುಕಿಗೆ ಗೊತ್ತಾಗುವುದಾದರೂ ಹೇಗೆ? ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಾಗಲಿಲ್ಲ. ಒಂದು ಸಲ ಅಳಿಸಿದ್ದು ಸಾಲದೇ?

ಗುರುವಾರ ಪುಟ್ಟಗೌರಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆಯುಟ್ಟು ಬಂದಳು. ನೆಂಟರ ಮನೆಗೆ ಬಂದವಳ ಹಾಗೆ ಕೂತಳು. ದೊರೆಸ್ವಾಮಿ ಮಿಕ್ಸಿಂಗಿನ ಕಥೆಯನ್ನೆಲ್ಲ ತಡವರಿಸುತ್ತ ಹೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಒಂದ್ ಮಾತೂ ಇಲ್ವಾ ಸ್ವಾಮಿ?”

“ಅವಳ ಮಾತಿಲ್ಲಮ್ಮ.” ಎರಡು ಹಾಡುಗಳ ನಡುವಿನ ಆ ತುಣುಕನ್ನು ಹಾಕಿದ. ಓಲಗ, ಗದರಿಕೆ, ಮತ್ತೆ ಹಾಡು.

“ಅದ್ಯಾರು ಅಂಗೆ ಗದರ್ಕಂಡೋನು?”

“ನಾನೇ ಅಮ್ಮ.” “ಅವಳು ಬಲಕ್ಕೆ ತಿರುಗಿ ಯಾರನ್ನೋ ಹುಡುಕ್ತಿದ್ಲು. ಏನೋ ಹೇಳಕ್ಕೆ ಬಾಯಿ ತೆಗೆದ್ಲು. ನಾನು ಬಾಯಿ ಮುಚ್ಚಿಸ್ಬಿಟ್ಟೆ.”

ಪುಟ್ಟಗೌರಮ್ಮ ಬಲಗೈಯನ್ನು ಮೆಲ್ಲಗೆ ಚಾಚಿದಳು. “ಇತ್ಲಾಗಾ?”

“ಹೂಂ.”

“ಉಗ್ರಾಣ ಇದ್ದದ್ದು ಅತ್ಲಾಗೇ ಸ್ವಾಮಿ.” ಅವಳು ಸ್ಟೂಲಿನ ಅಂಚಿಗೆ ಸರಿದಳು. “ಏನಂದ್ಲು? ನೀವು ಅತ್ರದಲ್ಲೇ ಇದ್ರಲ್ಲ. ಒಸಿ ಗ್ಯಾಪ್ಕ ಮಾಡ್ಕಳಿ.”

ದೊರೆಸ್ವಾಮಿ ನೆನಪಿನಲ್ಲಿ ಎಷ್ಟು ಹಿಂದಕ್ಕೆ ಹೋದರೂ ಏನೂ ಸಿಗಲಿಲ್ಲ. ಅಂದು ಅವನ ತಲೆಯಲ್ಲಿದ್ದದ್ದು ಬೆಳಕು ಸರಿಯಿದೆಯೇ ಎಂಬ ಚಿಂತೆಯೊಂದೇ. “ನೆನಪಿಲ್ಲಮ್ಮ,” ಎಂದ. “ನನ್ನ ಮಾತನ್ನ ತೆಗೆದುಹಾಕಿ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ. ಅದನ್ಯಾಕೆ ಕೇಳ್ತೀರಾ ನೀವು.”

“ಬ್ಯಾಡಿ, ತೆಗೀಬ್ಯಾಡಿ,” ಎಂದು ಅವಳು ಗಾಬರಿಯಾದಳು. “ನಂಗೆ ಕಣ್ ಕಾಣಾಕಿಲ್ಲ. ನೀವು ಗದರ್ಕಂಡ್ರೇನೇ ಅವ್ಳು ಈ ಕಡೀಕ್ ತಿರುಗವ್ಳೆ ಅಂತ ಗೊತ್ತಾಗೋದು. ಅದ್ನೂ ತೆಗುದ್ಬುಟ್ರೆ ನಂಗಿನ್ನೇನೈತೆ? ಇನ್ನೊಂದ್ ಸಲ ಆಕಿ.”

ಅವನು ಹಾಕಿದ. ಹಾಡು ನಿಂತು ಓಲಗ ಕೇಳಿತು. ‘ಏಯ್ ತಾಯಿ, ಅತ್ಲಾಗೆ ಏನ್ ನೋಡ್ತೀಯಾ?’ ಎಂಬ ಮಾತು ಬರುತ್ತಿದ್ದಂತೆ ಪುಟ್ಟಗೌರಮ್ಮ ಸೆರಗು ಸರಿಮಾಡಿಕೊಂಡು, ಸದ್ದು ಬಂದ ಕಡೆಗೆ ಮುಖವೆತ್ತಿದಳು.

“ಇಲ್ಲೇ ಇವ್ನಿ ಕನವ್ವ ಯಶೋದಿ,” ಎಂದಳು.