ಒಂದೇ ವಾರದಲ್ಲಿ ಎರಡು ಏಕಾದಶಿ

ನನ್ನ ರೇಡಿಯೋವನ್ನು ದಿನಾ ಕೇಳುವವರು ಒಬ್ಬರಿದ್ದಾರೆ ಎಂದು ಗೊತ್ತಾದಾಗ ನನಗೆ ಮೊದಲು ಆದದ್ದು ಖುಷಿ. ಆ ಖುಷಿ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ, ಏಕೆಂದರೆ ಸುದ್ದಿ ಬಂದದ್ದು ಆಸ್ಪತ್ರೆಯಿಂದ.

ಫೋನ್ ಮಾಡಿದವನು ಬದರೀನಾಥ. ಸಿಂಗಾಪುರದ ಒಂದು ಬ್ಯಾಂಕಿನಲ್ಲಿ ಕೆಲಸ, ಯಿಶುನ್‌ನಲ್ಲಿ ಮನೆ. ಕನ್ನಡದವರ ಕಾರ್ಯಕ್ರಮಗಳಲ್ಲಿ ಅಕ್ಕಪಕ್ಕ ಕೂತು ಬಿಸಿಬೇಳೆಬಾತ್ ತಿಂದು ಬೆಳೆದ ಸ್ನೇಹ ನಮ್ಮದು.

"ಗೋಪಿ, ಅಮ್ಮನ್ನ ಅಡ್ಮಿಟ್ ಮಾಡಿದೀವಿ. ಶುಗರ್ ತುಂಬಾ ಲೋ ಆಗಿ ಬಿದ್ಬಿಟ್ರು. ಈಗ ಪರವಾಗಿಲ್ಲ. ದಿನಾ ನಿನ್ನ ಪ್ರೋಗ್ರಾಮ್ ಕೇಳ್ತಾರೆ ಕಣೋ, ರೇಡಿಯೋದವರನ್ನ ಒಂದ್ಸಲ ನೋಡ್ಬೇಕಂತೆ. ಬರ್ತೀಯಾ?"

ಬರದೇ ಇರುತ್ತೇನೆಯೇ? ಶನಿವಾರ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೊರಟೆ. ಆಸ್ಪತ್ರೆಗೆ ಜುಬ್ಬಾ!

ಈ ರೇಡಿಯೋ ವಿಷಯ ಹೇಳಿಬಿಡುತ್ತೇನೆ. ಸಮುದ್ರದಾಚೆ ಬಾತಮ್ ದ್ವೀಪದಲ್ಲಿ ಮುಚ್ಚಿಹೋಗಲಿದ್ದ ಒಂದು ಹಳೆಯ ಎಎಂ ಸ್ಟೇಷನ್ನನ್ನು ನಾನೂ ಅಲ್ಲಿಯ ಗೆಳೆಯನೊಬ್ಬನೂ ಸೇರಿ ಕೊಂಡೆವು. ಟವರು ಅವನ ಪಾಲಿಗೆ, ಕಾರ್ಯಕ್ರಮ ನನ್ನ ಪಾಲಿಗೆ. ಇಲ್ಲಿ ಸಿಂಗಾಪುರದ ಉಬಿಯಲ್ಲಿ ನನ್ನದು ಯುಪಿಎಸ್ ರಿಪೇರಿ ಮಾಡುವ ವರ್ಕ್‌ಶಾಪ್. ಅದರ ಹಿಂದಿನ ಕೋಣೆಯಲ್ಲಿ ಒಂದು ಮೈಕು, ಒಂದು ಕಂಪ್ಯೂಟರು. ಅಲ್ಲಿಂದ ಇಂಟರ್ನೆಟ್ಟಿನಲ್ಲಿ ಟವರಿಗೆ ಹೋದದ್ದು ಸಿಂಗಾಪುರದ ಮನೆಮನೆಗೂ ವಾಪಸು ಬರುತ್ತದೆ, ಕೇಳುವವರಿದ್ದರೆ. ದಿನವಿಡೀ ಮಲಯ್ ಹಾಡುಗಳು, ಬೆಳಿಗ್ಗೆ ಆರೂವರೆಯಿಂದ ಅರ್ಧ ಗಂಟೆ ಮಾತ್ರ ನನ್ನ ಕನ್ನಡ.

ಮೊದಮೊದಲು ಐದಕ್ಕೇ ಎದ್ದು ಹೋಗುತ್ತಿದ್ದೆ. "ನಮಸ್ಕಾರ, ಹೇಗಿದ್ದೀರಾ? ಕಾಫಿ ಆಯ್ತಾ?" ಎಂದು ಶುರು. ಆಮೇಲೆ ಪಂಚಾಂಗ ನೋಡಿ ಅವತ್ತಿನ ತಿಥಿ, ನಕ್ಷತ್ರ. ಆಮೇಲೆ ದೇವರನಾಮ. ತಾರೀಖು ಹೇಳುವ ಅಭ್ಯಾಸ ನನಗಿರಲಿಲ್ಲ. ವರ್ಷಗಟ್ಟಲೆ ಒಂದು ಫೋನ್ ಬರಲಿಲ್ಲ. ಈ ಕಾಲದಲ್ಲಿ ಎಎಂ ಯಾರು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು, ಕೈಗೆ ಸಿಕ್ಕ ಅರವತ್ತು ಹಳೆಯ ರೆಕಾರ್ಡಿಂಗ್ ಕಂಪ್ಯೂಟರಿಗೆ ತುಂಬಿ, ದಿನಕ್ಕೊಂದರಂತೆ ತಾನೇ ಓಡಲಿ ಎಂದು ಬಿಟ್ಟೆ. 'ಆಫ್ ಮಾಡಬೇಡಿ' ಎಂದು ಚೀಟಿ ಅಂಟಿಸಿದ್ದೊಂದೇ ಆಮೇಲೆ ನಾನು ಮಾಡಿದ ಸೇವೆ. ಅದಾಗಿ ಎರಡು ವರ್ಷ. ಟವರಿನ ಸುತ್ತ ಎದೆಮಟ್ಟ ಹುಲ್ಲು ಬೆಳೆದ ಫೋಟೋ ಗೆಳೆಯ ಕಳಿಸಿದಾಗ ಫೋನಿನಲ್ಲಿ 'ಸರಿ' ಎಂಬ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದೆ.

ಬದರಿ ವಾರ್ಡಿನ ಹೊರಗೇ ಸಿಕ್ಕ. ಮುಖ ಬಾಡಿತ್ತು.

"ಉಪವಾಸ ಮಾಡಿ ಬಿದ್ದಿದ್ದು ಕಣೋ. ಸೋಮವಾರ ಏಕಾದಶಿ ಅಂದ್ರು, ಸರಿ, ಇರ್ಲಿ ಅಂದ್ವಿ. ಮತ್ತೆ ಗುರುವಾರ ಏಕಾದಶಿ ಅಂದ್ರು! ಒಂದೇ ವಾರದಲ್ಲಿ ಎರಡು ಏಕಾದಶಿ ಎಲ್ಲಾದ್ರೂ ಉಂಟಾ? ನಾವು ಆಫೀಸಿಗೆ ಹೋದ್ಮೇಲೆ ಶುಗರ್ ಮಾತ್ರೆ ತಗೊಂಡು, ಊಟ ಬಿಟ್ಟು ಕೂತಿದಾರೆ. ಕೇಳಿದ್ರೆ ರೇಡಿಯೋದಲ್ಲಿ ಹೇಳಿದ್ರು ಅಂತಾರೆ."

ರೇಡಿಯೋದಲ್ಲಿ! ಹಿಂದಿನ ಕೋಣೆಯ ಕಂಪ್ಯೂಟರು ನನ್ನ ಕಣ್ಣ ಮುಂದೆ ಬಂತು.

"ಡಾಕ್ಟರ್ ಮಂಗಳವಾರ ಮೆಮೊರಿ ಟೆಸ್ಟ್ ಮಾಡ್ತಾರಂತೆ. ನಮಗೂ ಅನುಮಾನ ಇತ್ತು. ಹಾಡು ಕೇಳ್ತಾ, ಇದು ಮೊದಲೇ ಕೇಳಿದೀನಲ್ಲ ಅಂತ ಗಾಬರಿ ಬೀಳ್ತಾರೆ. ನೀನೇ ಹೇಳು ಗೋಪಿ, ಗುರುವಾರ ನೀನು ಏಕಾದಶಿ ಅಂದಿದ್ಯಾ?"

"ಇಲ್ಲ" ಎಂದೆ.

ಸುಳ್ಳಲ್ಲ ನೋಡಿ. ಗುರುವಾರ ನಾನು ಏನೂ ಅಂದಿರಲಿಲ್ಲ. ಆರೂವರೆಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದೆ. ಇಷ್ಟು ಚೊಕ್ಕವಾದ ಹೇಡಿತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಬದರಿ ನಿಟ್ಟುಸಿರು ಬಿಟ್ಟು ಒಳಗೆ ಕರೆದುಕೊಂಡು ಹೋದ. ಅವನ ತಾಯಿ ವತ್ಸಲಮ್ಮ ದಿಂಬಿಗೆ ಒರಗಿ ಕೂತಿದ್ದರು. ಎಪ್ಪತ್ತಾರು ವರ್ಷ, ಮೈಸೂರಿನಿಂದ ಬಂದು ನಾಲ್ಕು ತಿಂಗಳು. ನೋಟದ ನಡುಭಾಗ ಮಬ್ಬು, ಅಕ್ಷರ ಕಾಣುವುದಿಲ್ಲ, ಫೋನು ಒಗ್ಗುವುದಿಲ್ಲ. ಊರಿನಿಂದ ತಂದ ಟ್ರಾನ್ಸಿಸ್ಟರಿನ ಕಿವಿ ತಿರುಗಿಸುತ್ತಾ ಒಂದು ದಿನ ನನ್ನನ್ನು ಹಿಡಿದಿದ್ದರಂತೆ.

"ನಮಸ್ಕಾರ ಅಮ್ಮ" ಎಂದೆ.

"ಅಯ್ಯೋ, ಅದೇ ದನಿ!" ಎಂದು ಅವರು ನನ್ನ ಕೈ ಹಿಡಿದುಕೊಂಡರು. "ದಿನಾ ಕಾಫಿ ಆಯ್ತಾ ಅಂತ ಕೇಳ್ತೀರಲ್ಲ, ಈ ದೇಶದಲ್ಲಿ ಅಷ್ಟು ಹೊತ್ತಿಗೆ ನನ್ನ ಕೇಳೋರು ನೀವೊಬ್ಬರೇ. ಆಯ್ತಪ್ಪಾ ಅಂತ ನಾನೂ ಹೇಳ್ತೀನಿ." ಆಮೇಲೆ ದನಿ ಇಳಿಸಿದರು. "ನನ್ನ ಬೆರಳೆಣಿಕೆಗೆ ಏಕಾದಶಿ ಸೋಮವಾರ ಬಂತು. ನೀವು ಗುರುವಾರ ಅಂದ್ರಿ. ಇದೊಂದೇ ಅಲ್ಲ, ಬಂದಾಗಿಂದ ನಿಮ್ಮ ತಿಥಿಗೂ ನನ್ನ ಎಣಿಕೆಗೂ ಕೂಡ್ತಾನೇ ಇಲ್ಲ. ಪಂಚಾಂಗ ನೋಡಿ ಹೇಳೋರು ತಪ್ಪು ಹೇಳ್ತಾರಾ? ಅರವತ್ತು ವರ್ಷ ಎಣಿಸಿದೀನಿ, ಈಗ ತಲೆ ಹೋಯ್ತು ಅಂತ ಕಾಣುತ್ತೆ. ನಿಜ ತಾನೇ?"

ನಾನು ಬಾಯಿ ತೆರೆದೆ. ಬದರಿ ಪಕ್ಕದಲ್ಲೇ ನಿಂತಿದ್ದ. "ರೆಸ್ಟ್ ತಗೊಳ್ಳಿ ಅಮ್ಮ" ಎಂದಷ್ಟೇ ಬಂತು.

ಅವರ ಕೊರಳಿನಲ್ಲಿ ಒಂದು ದಾರ, ದಾರದಲ್ಲಿ ಮನೆಯ ಕೀ. ಮಧ್ಯಾಹ್ನ ಸ್ಕೂಲ್ ಬಸ್ಸಿನಿಂದ ಇಳಿಯುವ ಮೊಮ್ಮಗಳು ಗಾರ್ಗಿಯನ್ನು ಫ್ಲ್ಯಾಟುಗಳ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲಿ ಕಾದು ಕರೆತರುವುದು ಅವರ ಕೆಲಸವಾಗಿತ್ತು. ಬದರಿ ಬಗ್ಗಿ ಆ ದಾರವನ್ನು ಮೆಲ್ಲಗೆ ತೆಗೆದ. "ಇನ್ಮೇಲೆ ಇದು ನನ್ನ ಹತ್ರ ಇರ್ಲಿ ಅಮ್ಮ. ಗಾರ್ಗಿಗೆ ಬೇರೆ ಅರೇಂಜ್ ಮಾಡ್ತೀವಿ. ನೀವೊಬ್ರೇ ಕೆಳಗೆ ಹೋಗೋದು ಬೇಡ."

ವತ್ಸಲಮ್ಮ ತಲೆ ತಗ್ಗಿಸಿಕೊಟ್ಟರು. ನಾನು ಪಕ್ಕದಲ್ಲಿ ನಿಂತು ನೋಡಿದೆ.

ಅಲ್ಲಿಂದ ನೇರ ಉಬಿಗೆ ಹೋಗಿ ಕಂಪ್ಯೂಟರ್ ನೋಡಿದೆ. ಗುರುವಾರ ಓಡಿದ್ದು ನಲವತ್ತೊಂದನೆಯ ರೆಕಾರ್ಡಿಂಗ್. ನನ್ನದೇ ದನಿ, ಎಷ್ಟು ಉತ್ಸಾಹ: "ಇಂದು ಏಕಾದಶಿ. ಉಪವಾಸ ಇರುವವರು ನೀರು ಕುಡಿಯುವುದು ಮರೆಯಬೇಡಿ!" ಎದ್ದು ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಮೈಕಿನ ಧೂಳು ಕೊಡವಿ, ಎರಡು ವರ್ಷದ ಮೇಲೆ ಮೊದಲ ಸಲ ನೇರವಾಗಿ ಮಾತಾಡಿದೆ. ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದೆ, ಮನಸ್ಸು ಹಗುರಾಯಿತು. ಹೊರಗೆ ಬಂದು ಕಾಫಿ ಕುಡಿಯುವಾಗ ಹೊಳೆಯಿತು: ಕೇಳುವ ಒಬ್ಬರೂ ಆಸ್ಪತ್ರೆಯಲ್ಲಿದ್ದಾರೆ, ಟ್ರಾನ್ಸಿಸ್ಟರು ಮನೆಯಲ್ಲಿದೆ. ಅದು ಗೊತ್ತಿದ್ದೇ ನಾನು ಅಷ್ಟು ಧೈರ್ಯವಾಗಿ ಮಾತಾಡಿದ್ದೆ. ಕಾಫಿ ಅರ್ಧಕ್ಕೇ ಬಿಟ್ಟೆ.

ಸೋಮವಾರ ಮತ್ತೆ ಆಸ್ಪತ್ರೆಗೆ ಹೋದೆ. ಬದರಿ ಇದ್ದ, ಗಾರ್ಗಿಯೂ ಇದ್ದಳು. ಕೂರಲಿಲ್ಲ. ನಿಂತೇ ಹೇಳಿದೆ.

"ಅಮ್ಮ, ಗುರುವಾರ ರೇಡಿಯೋ ಏಕಾದಶಿ ಅಂದಿದ್ದು ನಿಜ. ನೀವು ಸರಿಯಾಗೇ ಕೇಳಿಸ್ಕೊಂಡ್ರಿ. ತಪ್ಪು ಹೇಳಿದ್ದು ರೇಡಿಯೋ. ಅದು ಹಳೇ ರೆಕಾರ್ಡಿಂಗ್. ಎರಡು ವರ್ಷದಿಂದ ಎಲ್ಲಾ ಹಳೇದೇ. ಹಾಡು ಮೊದಲೇ ಕೇಳಿದೀನಿ ಅನ್ಸಿದ್ದೂ ನಿಜ, ಕೇಳೇ ಇದ್ರಿ."

ಬದರಿ ನನ್ನನ್ನೇ ನೋಡಿದ. "ಶನಿವಾರ ಕೇಳ್ದೆನಲ್ಲೋ."

"ಕೇಳ್ದೆ."

"ಕೀ ತೆಗೆಯೋವಾಗ ನೀನು ಇಲ್ಲೇ ನಿಂತಿದ್ದೆ."

"ನಿಂತಿದ್ದೆ."

ಅವನು ಬೈದಿದ್ದರೆ ಒಳ್ಳೆಯದಿತ್ತು. ಬೈಯದೆ ಕಿಟಕಿಯ ಕಡೆ ತಿರುಗಿದ.

ವತ್ಸಲಮ್ಮ ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಮುಟ್ಟಿ ಮುಟ್ಟಿ ಏನೋ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ನನ್ನ ದನಿ ಇದ್ದ ಕಡೆ ಮುಖ ಎತ್ತಿದರು.

"ಇವತ್ತು ಯಾವ ತಿಥಿ, ಹೇಳಿ ನೋಡೋಣ."

ಸಾವಿರಾರು ಸಲ ತಿಥಿ ಹೇಳಿದ ಬಾಯಿ ನನ್ನದು. ಇವತ್ತಿನದು ಗೊತ್ತಿರಲಿಲ್ಲ. ಪಂಚಾಂಗ ಕೊಂಡೇ ಎರಡು ವರ್ಷವಾಗಿತ್ತು.

"ಗೊತ್ತಿಲ್ಲ ಅಮ್ಮ."

"ತದಿಗೆ" ಎಂದರು ಅವರು. "ಶುಕ್ರವಾರ ಹುಣ್ಣಿಮೆ, ಇವತ್ತು ತದಿಗೆ. ಗಾರ್ಗಿ, ಅಪ್ಪನ ಫೋನಲ್ಲಿ ನೋಡಮ್ಮ."

ಗಾರ್ಗಿ ಫೋನ್ ಒತ್ತಿ ನೋಡಿದಳು. "ಅಜ್ಜಿ ಕರೆಕ್ಟ್ ಲಾ! ಅಂಕಲ್‌ಗೇ ಗೊತ್ತಿಲ್ಲ."

ವತ್ಸಲಮ್ಮ ಮಗನ ಕಡೆ ಅಂಗೈ ಚಾಚಿದರು. ಬದರಿ ಜೇಬಿನಿಂದ ದಾರ ಸಮೇತ ಕೀ ತೆಗೆದು ಆ ಕೈಯಲ್ಲಿಟ್ಟ. ಅವರು ಅದನ್ನು ಕೊರಳಿಗೆ ಹಾಕಿಕೊಂಡು ಸೆರಗು ಸರಿ ಮಾಡಿಕೊಂಡರು.

ನಾನು ಕೈಮುಗಿದೆ. "ಅಮ್ಮ, ನಾಳೆಯಿಂದ ದಿನಾ ನಾನೇ ಹೋಗಿ ಪಂಚಾಂಗ ನೋಡಿ ಹೇಳ್ತೀನಿ."

"ಬೇಡಪ್ಪ" ಎಂದರು, ಕೋಪವಿಲ್ಲದ ದನಿಯಲ್ಲಿ. "ತಿಥಿ ನಾನು ಎಣಿಸಿಕೊಳ್ತೀನಿ." ಆಮೇಲೆ ಕೇಳಿದರು. "ಹಾಗಾದ್ರೆ ದಿನಾ ಕಾಫಿ ಆಯ್ತಾ ಅಂತ ಕೇಳ್ತಿದ್ದಿದ್ದು ಯಾರನ್ನ?"