ಎರಡನೆಯ ಪರದೆ

"ಮೂರೂ ಒಟ್ಟಿಗೇನಾ?" ಎಂದು ಮೇಲ್ವಿಚಾರಕ ದೋನ್ ಎಲಾದಿಯೋ ಕೇಳಿದರು. ನಿಮಿಯಾ ಹೌದೆಂದು ತಲೆಯಾಡಿಸಿದಳು. ಕಂಟ್ರೋಲ್, ವಿಂಡೋಸ್, ಎಡಬಾಣ. ಅವರ ದಪ್ಪ ಬೆರಳುಗಳು ಒಂದೊಂದಾಗಿ ಕೀಗಳ ಮೇಲೆ ಕೂತವು. ಖಾಲಿ ಪರದೆ ಪಕ್ಕಕ್ಕೆ ಸರಿಯಿತು. ಬೆಳಗಿನಿಂದ ಕಾಣೆಯಾಗಿದ್ದ ವರದಿ ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ ಬಂದು ನಿಂತಿತು.

"ನೋಡು, ಇಲ್ಲೇ ಕೂತಿದೆ ಕಳ್ಳ. ಇದ್ಹೇಗೆ ನಿಮಿಯಾ?"

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದರೂ ಮೇಲ್ವಿಚಾರಕರು ಅವಳನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ತಾನಾಗಿ ಯಾರನ್ನೂ ಮಾತನಾಡಿಸದ ಹುಡುಗಿ ಅವಳು. ಆದರೆ ಗೊತ್ತಿರುವುದನ್ನು ಯಾರಾದರೂ ಕೇಳಿದರೆ ಉತ್ತರ ಬಾಯಿಂದ ತಾನೇ ಹೊರಬೀಳುತ್ತಿತ್ತು. "ಕಂಪ್ಯೂಟರಿನಲ್ಲಿ ಎರಡು ಮೂರು ಮೇಜು ಇಟ್ಕೊಂಡ ಹಾಗೆ, ದೋನ್ ಎಲಾದಿಯೋ. ಒಂದರಲ್ಲಿ ತೆರೆದಿಟ್ಟಿದ್ದು ಇನ್ನೊಂದರಲ್ಲಿ ಕಾಣಲ್ಲ. ಬಾಣ ಒತ್ತಿದ್ರೆ ಆ ಕಡೆಗೆ ಹೋಗ್ತೀವಿ, ಈ ಕಡೆಗೆ ಬರ್ತೀವಿ."

ಹೇಳಿ ಮುಗಿಸಿದ ಮೇಲೆ ಅವಳು ತಟ್ಟನೆ ಸಾಲಿನ ಕೊನೆಯತ್ತ ನೋಡಿದಳು.

ಅಲ್ಲಿ ಞಾ ಸುನಿಲ್ದಾ ಅವರ ಕುರ್ಚಿ; ಹಿರಿಯ ಹೆಂಗಸರನ್ನು ಗೌರವದಿಂದ 'ಞಾ' ಎಂದೇ ಕರೆಯುತ್ತಿದ್ದರು. ಅಸುನ್ಸಿಯೋನ್ ನಗರದ ಈ ಕಚೇರಿಯಲ್ಲಿ ಹಳೆಯ ಜಮೀನು ಪತ್ರಗಳನ್ನು ಓದಿ ಓದಿ ಕಂಪ್ಯೂಟರಿಗೆ ಬೆರಳಚ್ಚು ಮಾಡುವವರಲ್ಲಿ ಅವರೇ ಹಿರಿಯರು. ಪತ್ರಗಳ ಗುಟ್ಟು ಹೊರಗೆ ಹೋಗಬಾರದೆಂದು ಕಚೇರಿಯವರು ಎಲ್ಲರ ಫೋನುಗಳನ್ನೂ ಬಾಗಿಲ ಬಳಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಞಾ ಸುನಿಲ್ದಾ ಅವರ ಮನೆಯಲ್ಲಿ ಎಂಬತ್ತಾರರ ತಾಯಿ ಒಬ್ಬರೇ. ನೆನಪು ತಪ್ಪಿದ ಆ ಮುದುಕಿ ಎರಡು ಸಲ ಗೇಟು ತೆಗೆದುಕೊಂಡು ಬರಿಗಾಲಲ್ಲಿ ಹೆದ್ದಾರಿಯವರೆಗೆ ನಡೆದು ಹೋಗಿದ್ದರು. ಅದನ್ನು ಕೇಳಿದ ಮೇಲೆ, ಅಂಗಳದಲ್ಲಿಟ್ಟ ಕ್ಯಾಮೆರಾದ ಚಿತ್ರವನ್ನು ಎರಡನೆಯ ಪರದೆಯಲ್ಲಿ ತೆರೆದಿಡುವುದನ್ನು ಞಾ ಸುನಿಲ್ದಾಗೆ ಕಲಿಸಿದವಳು ನಿಮಿಯಾಳೇ. ಹತ್ತು ನಿಮಿಷಕ್ಕೊಮ್ಮೆ ಬಲಬಾಣ, ತಾಯಿ ಜೋಲಿಯಲ್ಲಿದ್ದಾರೆ. ಎಡಬಾಣ, ಮತ್ತೆ ಜಮೀನು ಪತ್ರ. ತಾಯಿ ಗೇಟಿನ ಬಳಿ ಕಂಡರೆ ಕಚೇರಿಯ ಫೋನಿನಿಂದ ಪಕ್ಕದ ಮನೆಯವಳಿಗೊಂದು ಕರೆ.

ದೋನ್ ಎಲಾದಿಯೋ ಹೊಸ ಆಟಿಕೆ ಸಿಕ್ಕವರಂತೆ ಎದ್ದರು. ಮೊದಲು ಬೆರಳಚ್ಚಿನ ಹುಡುಗ ದೆರ್ಲಿಸ್‌ನ ಕಂಪ್ಯೂಟರಿನ ಮೇಲೆ ಬಗ್ಗಿದರು. "ತಾಳು, ನಿನಗೊಂದು ಜಾದೂ ತೋರಿಸ್ತೀನಿ. ಇದರೊಳಗೆ ಇನ್ನೊಂದು ಮೇಜಿದೆಯಂತೆ."

"ಆ ಮೇಜಲ್ಲಿ ಇನ್ನೊಂದು ಸಂಬಳಾನೂ ಇದ್ಯಾ ನೋಡಿ ಯಜಮಾನ್ರೇ," ಎಂದ ದೆರ್ಲಿಸ್.

"ಇದೆ, ಆದ್ರೆ ಅಲ್ಲಿ ಕೆಲಸ ಮಾಡೋ ದೆರ್ಲಿಸ್ ಬೇರೆ."

ಎಲ್ಲರೂ ನಕ್ಕರು. ದೋನ್ ಎಲಾದಿಯೋ ಮುಂದಿನ ಕುರ್ಚಿಗೆ ಹೋದರು, ಆಮೇಲೆ ಅದರ ಪಕ್ಕದ್ದಕ್ಕೆ. ಞಾ ಸುನಿಲ್ದಾ ಕುರ್ಚಿಯಲ್ಲಿರಲಿಲ್ಲ, ಹಿಂದಿನ ಕೋಣೆಗೆ ಪತ್ರದ ಕಟ್ಟು ತರಲು ಹೋಗಿದ್ದರು. ನಿಮಿಯಾಳ ಜಾಗದಿಂದ ಅವರ ಮೇಜಿಗೆ ಆರು ಹೆಜ್ಜೆ. ಎದ್ದು ಹೋಗಿ ಆ ಕ್ಯಾಮೆರಾದ ಚಿತ್ರವೊಂದನ್ನು ಮುಚ್ಚಿದ್ದರೆ ಸಾಕಿತ್ತು. ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು ಕೂಡ. ಕುರ್ಚಿಯ ಕಾಲು ಕಿರ್ರೆಂದಿತು, ದೆರ್ಲಿಸ್ ತಿರುಗಿ ನೋಡಿದ. ಎಲ್ಲಿಗೆ ಎಂದು ಕೇಳಿದರೆ ಏನು ಹೇಳುವುದೆಂದು ಅವಳಿಗೆ ಹೊಳೆಯಲಿಲ್ಲ. ಮತ್ತೆ ಕೂತಳು.

ಸಾಲಿನ ಕೊನೆಯಲ್ಲಿ ಬಲಬಾಣ ಒತ್ತಿದ ಸದ್ದು ಅವಳಿಗೆ ಕೇಳಿಸಿತು. ನಗು ಮಾತ್ರ ಕೇಳಿಸಲಿಲ್ಲ.

ಪರದೆಯ ತುಂಬ ಮಾವಿನ ಮರದ ನೆರಳು, ಜೋಲಿ, ಜೋಲಿಯಿಂದ ಇಳಿಬಿಟ್ಟ ಒಂದು ಒಣಕಲು ಕಾಲು.

"ಇದ್ಯಾರು?"

"ನಮ್ಮಮ್ಮ," ಎಂದರು ಬಾಗಿಲಲ್ಲಿ ಕಟ್ಟು ಹಿಡಿದು ನಿಂತಿದ್ದ ಞಾ ಸುನಿಲ್ದಾ.

"ಯಾರು ಹೇಳಿಕೊಟ್ಟರು ನಿಮಗೆ ಇದನ್ನ?"

"ಯಾರೂ ಇಲ್ಲ. ಏನೋ ಒತ್ತೋಕೆ ಹೋದೆ, ಏನೋ ಬಂತು."

ನಿಮಿಯಾ ತನ್ನ ಕೀಲಿಮಣೆಯನ್ನೇ ನೋಡುತ್ತಿದ್ದಳು. ದೋನ್ ಎಲಾದಿಯೋ ಗದರಲಿಲ್ಲ. "ನನಗೂ ತಾಯಿ ಇದ್ದಾರೆ ಞಾ ಸುನಿಲ್ದಾ. ಆದ್ರೆ ಈ ಪತ್ರಗಳ ಪಕ್ಕ ಕ್ಯಾಮೆರಾ ಅಂದ್ರೆ ಮೇಲಿನವರು ನನ್ನ ಕುತ್ತಿಗೆ ಹಿಡೀತಾರೆ. ಮುಚ್ಚಿಬಿಡಿ. ಇನ್ನೊಂದು ಸಲ ಕಂಡ್ರೆ ಕಾಗದದಲ್ಲಿ ಬರೀಬೇಕಾಗುತ್ತೆ, ಆಮೇಲೆ ನೀವು ಮನೆಯಲ್ಲೇ ಕೂತು ನೋಡ್ಕೋಬೇಕಾಗುತ್ತೆ." ಞಾ ಸುನಿಲ್ದಾ ಮುಚ್ಚಿದರು. ಆ ಮಧ್ಯಾಹ್ನ ಮೂರು ಸಲ ಫೋನಿನ ಬಳಿಗೆ ಹೋದರು. ಪಕ್ಕದ ಮನೆಯವಳು ಒಂದೇ ಸಲ ಎತ್ತಿದ್ದು.

ಸಂಜೆ ಬಸ್ ನಿಲ್ದಾಣದ ದಾರಿಯಲ್ಲಿ ನಿಮಿಯಾ ಞಾ ಸುನಿಲ್ದಾರ ಹಿಂದೆ ಹಿಂದೆಯೇ ನಡೆದಳು. ಕೊನೆಗೆ ಹೇಳಿದಳು, "ಞಾ ಸುನಿಲ್ದಾ, ದೋನ್ ಎಲಾದಿಯೋಗೆ ಅದನ್ನ ಹೇಳಿಕೊಟ್ಟಿದ್ದು ನಾನು."

"ಗೊತ್ತು ಮಗಳೇ. ಹಿಂದಿನ ಕೋಣೆಗೂ ಕೇಳಿಸ್ತು. ನೀನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳೇ ಇರಲಿಲ್ಲ."

ಬೈದಿದ್ದರೆ ನಿಮಿಯಾ ತಡೆದುಕೊಳ್ಳುತ್ತಿದ್ದಳು.

ನಿಲ್ದಾಣದ ಪಕ್ಕ ಕಬ್ಬಿಣದ ಸಾಮಾನಿನ ಅಂಗಡಿ. ಞಾ ಸುನಿಲ್ದಾ ಅಲ್ಲಿ ನಿಂತು ಬೀಗ ತೋರಿಸಲು ಹೇಳಿದರು. ಅಂಗಡಿಯವನು ಎರಡನ್ನು ಮುಂದಿಟ್ಟ. "ಹೊರಗಿನಿಂದ ಹಾಕಿದ್ರೆ ಅಮ್ಮ ಗೇಟು ಬಡೀತಾನೇ ಇರ್ತಾಳೆ. ಅದಕ್ಕೇ ಇಷ್ಟು ದಿನ ಹಾಕಿರಲಿಲ್ಲ," ಎಂದು ಬೀಗಗಳನ್ನು ತಿರುಗಿಸಿ ನೋಡಿದರು. "ನೀನು ಓದಿದವಳು. ಯಾವುದು ಗಟ್ಟಿ, ಹೇಳು."

ನಿಮಿಯಾ ಎರಡನ್ನೂ ಕೈಗೆ ತೆಗೆದುಕೊಂಡಳು. ಸಣ್ಣದರ ಕೊಂಡಿ ತೆಳ್ಳಗಿತ್ತು. ನಾಲ್ಕು ಸಲ ಜಗ್ಗಿದರೆ ಬಿಟ್ಟುಕೊಳ್ಳುವಂಥದ್ದು.

"ಇದು," ಎಂದು ದೊಡ್ಡದನ್ನು ಕೊಟ್ಟಳು.

ಅವರ ಬಸ್ಸು ಬಂತು, ನಿಮಿಯಾ ಕೆಳಗೇ ನಿಂತಳು. ಕಿಟಕಿಯ ಪಕ್ಕ ಕೂತ ಞಾ ಸುನಿಲ್ದಾ ಕಾಗದ ಬಿಡಿಸಿ ಬೀಗವನ್ನು ಒಮ್ಮೆ ಮುಚ್ಚಿ ನೋಡಿದರು, ತೆಗೆದು ನೋಡಿದರು, ಮತ್ತೆ ಮುಚ್ಚಿದರು. ಬಸ್ಸು ತಿರುವು ದಾಟುವವರೆಗೂ ಅವರು ತಲೆ ಎತ್ತಲಿಲ್ಲ.